‘ನ್ಯೂ’ ಒತ್ತಿದರೆ ಮೊದಲು ಫೋನ್ ನಂಬರ್ ಕೇಳಲಿ

ಶಿರಸಿ ಸೀಮೆಯಲ್ಲಿ ಗಣಪತಿ ಹೆಗಡೆ ಅಂದರೆ ‘ಯಾವ ಊರಿನವರು?’ ಎಂದು ಕೇಳದೆ ಮಾತು ಮುಂದೆ ಹೋಗುವುದಿಲ್ಲ. ಆದರೆ ಸಾಫ್ಟ್‌ವೇರ್ ಕೇಳುವುದಿಲ್ಲ. ಒಂದು ಅಡಿಕೆ ವಖಾರಿಗೆ ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್ ಆದ ಸೇಲ್ಸ್‌ಫೋರ್ಸ್ ಹಾಕಿಕೊಟ್ಟ ಮೊದಲ ವರ್ಷವೇ ನನಗೆ ಇದರ ಬಿಸಿ ತಟ್ಟಿತು. ಚಾಲಿ ಅಡಿಕೆ ತಂದಿದ್ದ ಹಿರಿಯರೊಬ್ಬರು ‘ತಮಾ, ಹಿಂದಿನ ಸಲದ ಲೆಕ್ಕ ಎಲ್ಲಿ ಹೋತು?’ ಎಂದರು. ಹುಡುಕಿದರೆ ಅವರ ಹೆಸರು ಮೂರು ಕಡೆ ಇತ್ತು. ಒಂದರಲ್ಲಿ ರಾಶಿ ಅಡಿಕೆಯ ಲೆಕ್ಕ, ಇನ್ನೊಂದರಲ್ಲಿ ಬೆಟ್ಟೆಯದು, ಮೂರನೆಯದು ಖಾಲಿ.

ಕೌಂಟರಿನಲ್ಲಿ ಕುಳಿತವರದ್ದು ತಪ್ಪಲ್ಲ. ಎದುರಿಗೆ ಜನ ನಿಂತಿರುತ್ತಾರೆ. ‘ನ್ಯೂ’ ಬಟನ್ ಒತ್ತಿದರೆ ಖಾಲಿ ಫಾರ್ಮ್ ಬರುತ್ತದೆ, ಬಂದದ್ದನ್ನು ತುಂಬುತ್ತಾರೆ. ಹಾಗಾಗಿ ಬದಲಾಯಿಸಬೇಕಾದದ್ದು ಆ ಬಟನ್ ಮಾಡುವ ಕೆಲಸವನ್ನೇ. ಸೇಲ್ಸ್‌ಫೋರ್ಸ್‌ನಲ್ಲಿ ಇದಕ್ಕೆ ಓವರ್‌ರೈಡ್ ಎನ್ನುತ್ತಾರೆ. ನ್ಯೂ, ಎಡಿಟ್, ವ್ಯೂ, ಡಿಲೀಟ್, ಕ್ಲೋನ್‌ನಂಥ ಸಿದ್ಧ ಬಟನ್‌ಗಳಿಗೆ ಇದನ್ನು ಮಾಡಬಹುದು.

ಅದಕ್ಕೂ ಮೊದಲು ಒಂದು ಮಾತು. ‘ಡೂಪ್ಲಿಕೇಟ್ ರೂಲ್’ ಎಂಬ ಸೌಲಭ್ಯ ಸಾಫ್ಟ್‌ವೇರ್‌ನಲ್ಲೇ ಇದೆ, ಅದಕ್ಕೆ ಕೋಡ್ ಬರೆಯುವುದೂ ಬೇಡ. ಮೊದಲು ಅದನ್ನು ಹಾಕಿಕೊಳ್ಳಿ. ದಿನಕ್ಕೆ ನಾಲ್ಕೈದು ಹೊಸ ಹೆಸರು ಬರೆಯುವವರಿಗೆ ಅಷ್ಟೇ ಸಾಕು. ಆದರೆ ಅದು ಎಚ್ಚರಿಸುವುದು ಸೇವ್ ಮಾಡುವ ಹೊತ್ತಿಗೆ. ಇಡೀ ಫಾರ್ಮ್ ತುಂಬಿದ ಮೇಲೆ ‘ಇವರು ಈಗಾಗಲೇ ಇದ್ದಾರೆ’ ಅಂದರೆ ಜನ ತುಂಬಿದ ದಿನ ಯಾರಿಗೆ ತಾಳ್ಮೆ ಇರುತ್ತದೆ? ಫೋನ್ ನಂಬರ್ ಮೊದಲೇ ಕೇಳುವುದು ಒಳ್ಳೆಯದು ಅನ್ನುವುದು ಅದಕ್ಕೇ.

ಕೆಲಸವನ್ನು ನೇರವಾಗಿ ವಖಾರಿಯ ಖಾತೆಯಲ್ಲಿ ಶುರು ಮಾಡಬೇಡಿ. ಸ್ಯಾಂಡ್‌ಬಾಕ್ಸ್ (ಪ್ರಯೋಗಕ್ಕೆಂದೇ ಇರುವ ನಕಲು ಖಾತೆ) ಇದ್ದರೆ ಅಲ್ಲಿ ಮಾಡಿ. ಇಲ್ಲದಿದ್ದರೆ ಡೆವಲಪರ್ ಎಡಿಶನ್ ಪುಕ್ಕಟೆ ಸಿಗುತ್ತದೆ.

ಮೊದಲ ಹಂತ, ಕಾಂಪೊನೆಂಟ್, ಅಂದರೆ ಬಟನ್ ಒತ್ತಿದಾಗ ತೆರೆಯುವ ನಮ್ಮದೇ ಪುಟದ ತುಣುಕು. ಡೆವಲಪರ್ ಕನ್ಸೋಲ್‌ನಲ್ಲಿ ಹೊಸ ಲೈಟ್ನಿಂಗ್ ಕಾಂಪೊನೆಂಟ್ ತೆರೆಯಿರಿ. ಅದು ‘ಲೈಟ್ನಿಂಗ್ ಆಕ್ಷನ್‌ಓವರ್‌ರೈಡ್’ ಎಂಬ ಇಂಟರ್‌ಫೇಸ್ ಅನ್ನು ಇಂಪ್ಲಿಮೆಂಟ್ ಮಾಡುತ್ತದೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಬರೆಯದಿದ್ದರೆ ಮುಂದೆ ಆಯ್ಕೆಯ ಪಟ್ಟಿಯಲ್ಲಿ ಅದರ ಹೆಸರೇ ಬರುವುದಿಲ್ಲ. ಒಳಗೆ ಎರಡು ಭಾಗ ಇಡಿ: ಮೇಲೆ ಫೋನ್ ನಂಬರ್ ಹುಡುಕುವ ಜಾಗ, ಯಾರೂ ಸಿಗದಿದ್ದರೆ ಮಾತ್ರ ತೆರೆದುಕೊಳ್ಳುವ ಹೊಸ ಫಾರ್ಮ್. ಸಿಕ್ಕಿದರೆ ಹೆಸರು, ಊರು ತೋರಿಸಿ, ಒತ್ತಿದಾಗ ಹಳೆಯ ದಾಖಲೆಗೇ ಹೋಗಲಿ.

ಹುಡುಕಾಟದಲ್ಲೇ ಇರುವುದು ನಿಜವಾದ ಕೆಲಸ. ಒಬ್ಬರು +91 ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಸೊನ್ನೆ ಹಾಕುತ್ತಾರೆ, ಮತ್ತೊಬ್ಬರು ನಡುವೆ ಜಾಗ ಬಿಡುತ್ತಾರೆ. ಅದಕ್ಕೆ ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆದು, ಕೊನೆಯ 10 ಅಂಕಿಗಳನ್ನಷ್ಟೇ ಹೋಲಿಸಿ. ನಮ್ಮ ಕಡೆ ಲ್ಯಾಂಡ್‌ಲೈನ್ ಇಟ್ಟುಕೊಂಡ ಮನೆಗಳು ಇನ್ನೂ ಇವೆ, ಅಲ್ವಾ? ಅವಕ್ಕೂ ಇದೇ ಲೆಕ್ಕ ಹೊಂದುತ್ತದೆ. ಶಿರಸಿಯ ಕೋಡ್ 08384. ಸೊನ್ನೆ ಬಿಟ್ಟು ಉಳಿದ ನಾಲ್ಕು, ಜೊತೆಗೆ ಮನೆಯ ಆರು ಅಂಕಿ ಸೇರಿದರೆ ಸರಿಯಾಗಿ 10. ಶಿರಸಿಯವರು ಯಾರಾದರೂ ಬರೀ ಆರು ಅಂಕಿ ಬರೆದರೆ ಮುಂದೆ 8384 ತಾನಾಗಿ ಸೇರುವಂತೆ ಮಾಡಿ. ಈಗಾಗಲೇ ದಾಖಲಾದ ನಂಬರ್‌ಗಳನ್ನೂ ಇದೇ ರೀತಿ ಸ್ವಚ್ಛ ಮಾಡಿಕೊಳ್ಳಬೇಕು. ಇಲ್ಲವಾದರೆ ಹೋಲಿಕೆ ತಪ್ಪುತ್ತದೆ.

ಎರಡನೆಯ ಹಂತಕ್ಕೆ ಐದು ನಿಮಿಷ ಸಾಕು. ಸೆಟಪ್‌ನಲ್ಲಿ ಆಬ್ಜೆಕ್ಟ್ ಮ್ಯಾನೇಜರ್ ತೆರೆದು, ನಿಮ್ಮ ‘ಬೆಳೆಗಾರ’ ಆಬ್ಜೆಕ್ಟ್ (ಬೆಳೆಗಾರರ ದಾಖಲೆಗಳಿರುವ ಪಟ್ಟಿ) ಆರಿಸಿ. ‘ಬಟನ್ಸ್, ಲಿಂಕ್ಸ್ ಅಂಡ್ ಆಕ್ಷನ್ಸ್’ಗೆ ಹೋಗಿ, ‘ನ್ಯೂ’ ಸಾಲಿನ ಬದಿಯಲ್ಲಿರುವ ಎಡಿಟ್ ಒತ್ತಿ. ಅಲ್ಲಿ ಕ್ಲಾಸಿಕ್ (ಹಳೆಯ ಪರದೆ), ಲೈಟ್ನಿಂಗ್ ಎಕ್ಸ್‌ಪೀರಿಯನ್ಸ್, ಮೊಬೈಲ್ ಎಂದು ಬೇರೆ ಬೇರೆ ಆಯ್ಕೆ ಕಾಣುತ್ತದೆ. ಲೈಟ್ನಿಂಗ್‌ನಲ್ಲಿ ನಿಮ್ಮ ಕಾಂಪೊನೆಂಟ್ ಆರಿಸಿ ಸೇವ್ ಮಾಡಿ. ಮೊಬೈಲ್‌ಗೆ ಬೇರೆಯಾಗಿಯೇ ಆರಿಸಬೇಕು. ಸಿದ್ದಾಪುರ, ಯಲ್ಲಾಪುರದ ಒಳಗಿನ ಮನೆಗಳಿಗೆ ಹೋಗಿ ಬರುವ ಹುಡುಗರು ಹೆಸರು ಬರೆಯುವುದು ಫೋನಿನಲ್ಲೇ. ಅದನ್ನು ಮರೆತರೆ ಅವರಿಗೆ ಹಳೆಯ ಖಾಲಿ ಫಾರ್ಮೇ ಬರುತ್ತಿರುತ್ತದೆ.

ಈಗ ಪರೀಕ್ಷೆ. ಪಟ್ಟಿಯ ಮೇಲಿನ ‘ನ್ಯೂ’ ಒತ್ತಿ ನೋಡಿ ಬಿಟ್ಟುಬಿಡಬೇಡಿ. ಬೇರೆ ದಾಖಲೆಯ ಕೆಳಗಿರುವ ಸಂಬಂಧಿತ ಪಟ್ಟಿಯ ‘ನ್ಯೂ’ ಸಹ ಬದಲಾಗಿರುತ್ತದೆ, ಅದನ್ನೂ ಒತ್ತಿ ನೋಡಿ. ಇದು ಎಲ್ಲರಿಗೂ ಒಟ್ಟಿಗೇ ಬದಲಾಗುತ್ತದೆ, ಮಾಲೀಕರಿಗೊಂದು ಗುಮಾಸ್ತರಿಗೊಂದು ಅಂತಿಲ್ಲ. ಫಾರ್ಮಿನ ಫೀಲ್ಡ್‌ಗಳನ್ನು ನೀವೇ ಒಂದೊಂದಾಗಿ ಜೋಡಿಸಿದ್ದರೆ, ಮುಂದೆ ಪೇಜ್ ಲೇಔಟ್‌ಗೆ ಹೊಸ ಫೀಲ್ಡ್ ಹಾಕಿದಾಗ ಅದು ಇಲ್ಲಿ ತಾನಾಗಿ ಬರುವುದಿಲ್ಲ. ಕೈಯಿಂದ ಸೇರಿಸಬೇಕು. ಇದನ್ನು ಯಾರಾದರೂ ನೋಡಿಕೊಳ್ಳುವವರು ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬದಲಾಯಿಸಿದ್ದು ಸರಿಬರದಿದ್ದರೆ ಹೆದರುವುದು ಬೇಡ. ಅದೇ ಎಡಿಟ್ ಪುಟಕ್ಕೆ ಹೋಗಿ ಮೂಲದ ಆಯ್ಕೆಗೆ ತಿರುಗಿಸಿದರೆ ಬಟನ್ ಹಿಂದಿನಂತೆ ಆಗುತ್ತದೆ. ದಾಖಲೆಗಳು ಎಲ್ಲೂ ಹೋಗುವುದಿಲ್ಲ.

ಇನ್ನೊಂದು ಬಾಗಿಲು ಉಳಿದಿದೆ. ವರ್ಷಕ್ಕೊಮ್ಮೆ ಎಕ್ಸೆಲ್ ಪಟ್ಟಿಯನ್ನು ಡೇಟಾ ಲೋಡರ್‌ನಿಂದ ಏರಿಸುವವರು ಈ ಬಟನ್ ಮುಟ್ಟುವುದೇ ಇಲ್ಲ, ಹಾಗಾಗಿ ನಿಮ್ಮ ಹುಡುಕಾಟ ಅವರಿಗೆ ಎದುರಾಗುವುದಿಲ್ಲ. ಓವರ್‌ರೈಡ್ ಆಯಿತೆಂದು ಮೊದಲು ಹಾಕಿದ ಡೂಪ್ಲಿಕೇಟ್ ರೂಲ್ ತೆಗೆದುಬಿಡಬೇಡಿ. ಪಟ್ಟಿ ಏರಿಸುವ ಮುಂಚೆ ಅದರಲ್ಲಿರುವ ನಂಬರ್‌ಗಳನ್ನೂ ಕೊನೆಯ 10 ಅಂಕಿಗೆ ತಂದುಕೊಳ್ಳಿ.