ದೂರದಿಂದ ಓದುವವರಿಗಾಗಿ: ಸಮ್ಮೇಳನದ ಪೋಸ್ಟರ್ ಮತ್ತು ಟಾಕ್ ತಯಾರಿ

ವಿಜ್ಞಾನ ಸಮ್ಮೇಳನದಲ್ಲಿ ಬೋರ್ಡಿಗೆ ಹಚ್ಚುವ ಪೋಸ್ಟರ್ ಆಗಲಿ, ಸ್ಲೈಡ್ ತೋರಿಸುತ್ತ ಮಾತಾಡುವ ಟಾಕ್ ಆಗಲಿ, ಸಾಫ್ಟ್‌ವೇರ್ ತೆರೆಯುವ ಮೊದಲು ನಾನು ಕಾಗದದ ಮೇಲೆ ಒಂದು ವಾಕ್ಯ ಬರೆದುಕೊಳ್ಳುತ್ತೇನೆ: ಈ ಕೆಲಸದಿಂದ ಹೊಸದಾಗಿ ಗೊತ್ತಾಗಿದ್ದೇನು? ‘ಲವಣಾಂಶವು ಸಸ್ಯದ ಮೇಲೆ ಬೀರುವ ಪರಿಣಾಮದ ಅಧ್ಯಯನ’ ಎಂದು ಬರೆದರೆ ವಿಷಯ ಹೇಳಿದಂತಾಯಿತೇ ಹೊರತು ಫಲಿತಾಂಶ ಹೇಳಿದಂತಾಗಲಿಲ್ಲ. ‘ಉಪ್ಪು ಹೆಚ್ಚಾದಾಗ ಬೇರಿಗಿಂತ ಚಿಗುರು ಹೆಚ್ಚು ಕುಗ್ಗುತ್ತದೆ’ ಎಂಬುದು ಫಲಿತಾಂಶ. ಈ ವಾಕ್ಯವೇ ಪೋಸ್ಟರಿನ ಶೀರ್ಷಿಕೆ, ಅದೇ ಟಾಕ್‌ನ ಕೊನೆಯ ಸ್ಲೈಡಿನ ತಲೆಬರಹ. ಅದಕ್ಕೆ ಆಧಾರವಾಗದ ಗ್ರಾಫ್ ಎಷ್ಟು ತಿಂಗಳ ದುಡಿಮೆಯದೇ ಆಗಿರಲಿ, ಹೊರಗಿಡುತ್ತೇನೆ.

ಆಮೇಲೆ ಉಳಿಯುವ ಪ್ರಶ್ನೆ: ನೋಡುವವರು ಎಷ್ಟು ದೂರದಲ್ಲಿರುತ್ತಾರೆ? ಜರ್ನಲ್ ಲೇಖನದ ಗ್ರಾಫನ್ನು ಓದುಗ ಕೈಯಲ್ಲಿ ಹಿಡಿದು ನೋಡುತ್ತಾನೆ. ಪೋಸ್ಟರನ್ನು ಒಂದೂವರೆ ಮೀಟರ್ ಆಚೆಯಿಂದ, ಸ್ಲೈಡನ್ನು ಸಭಾಂಗಣದ ಹಿಂದಿನ ಸಾಲಿನಿಂದ ನೋಡುತ್ತಾರೆ. ಲೇಖನದ ಚಿತ್ರವನ್ನೇ ಎತ್ತಿ ಅಂಟಿಸಿದರೆ ಎರಡೂ ಕಡೆ ಕೆಡುತ್ತದೆ. ಹಾಗಾಗಿ ಪ್ರತಿ ಗ್ರಾಫನ್ನೂ ಮೂರು ಸಲ ಬೇರೆ ಬೇರೆಯಾಗಿ ಮಾಡುತ್ತೇನೆ. ಕೋಡ್‌ನಿಂದ ಗ್ರಾಫ್ ಮಾಡುವವರಿಗೆ ಇದು ನಾಲ್ಕೈದು ಸಾಲಿನ ಬದಲಾವಣೆ ಅಷ್ಟೆ.

ಒಂದು ಲೆಕ್ಕ ನೋಡಿ. ಪೈಥಾನ್ ಕೋಡ್‌ನಿಂದ ಗ್ರಾಫ್ ಬಿಡಿಸುವ ಸಾಧನವಾದ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕೊಡುವ ಚಿತ್ರ 6.4 ಇಂಚು ಅಗಲ, ಇಂಚಿಗೆ 100 ಚುಕ್ಕಿ, ಅಂದರೆ 640 ಪಿಕ್ಸೆಲ್. ಅದನ್ನು ಪೋಸ್ಟರಿನಲ್ಲಿ 40 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 40 ಚುಕ್ಕಿ ಉಳಿಯುತ್ತದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಪ್ರಿಂಟ್ ಆದ ಮೇಲೆ ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ಈ ಅಗಲಕ್ಕೆ ಕನಿಷ್ಠ 150 ಚುಕ್ಕಿ ಬೇಕು, ಅಂದರೆ ಸುಮಾರು 2,360 ಪಿಕ್ಸೆಲ್. ಇನ್ನೂ ಒಳ್ಳೆಯದು, ಚಿತ್ರದ ಅಳತೆಯನ್ನೇ ಮೊದಲಿಗೆ 15.75 ಇಂಚು ಎಂದು ಕೊಟ್ಟು, ಅಕ್ಷರ 28 ಪಾಯಿಂಟ್, ಗೆರೆಯ ದಪ್ಪ 4 ಪಾಯಿಂಟ್ ಎಂದು ನಿಗದಿ ಮಾಡಿ, ಪಿಡಿಎಫ್ ಅಥವಾ ಎಸ್‌ವಿಜಿ ಆಗಿ ಉಳಿಸುವುದು. ಒಂದು ಎಚ್ಚರಿಕೆ: ಲಕ್ಷ ಚುಕ್ಕಿಗಳ ಸ್ಕ್ಯಾಟರ್ ಪ್ಲಾಟನ್ನು (ಪ್ರತಿ ಅಳತೆಗೊಂದು ಚುಕ್ಕಿ ಇಡುವ ಗ್ರಾಫ್) ಹೀಗೆ ವೆಕ್ಟರ್ ಆಗಿ, ಅಂದರೆ ಪಿಕ್ಸೆಲ್‌ಗಳ ಬದಲು ಗೆರೆ–ಆಕಾರಗಳಾಗಿ ಉಳಿಸಿದರೆ ಕಡತ ಊದಿಕೊಂಡು ಪ್ರಿಂಟರ್ ನಿಂತೇಹೋಗಬಹುದು. ಆಗ ಚುಕ್ಕಿಗಳ ಪದರವನ್ನು ಮಾತ್ರ ರಾಸ್ಟರೈಸ್ ಮಾಡಿ (ಪಿಕ್ಸೆಲ್ ಚಿತ್ರವಾಗಿಸಿ), ಅಕ್ಷಗಳನ್ನೂ ಬರಹವನ್ನೂ ವೆಕ್ಟರ್ ಆಗಿಯೇ ಬಿಡುತ್ತೇನೆ.

ಬಣ್ಣದ ಸೂಚಿಯನ್ನು ಮೂಲೆಯ ಡಬ್ಬಿಯಲ್ಲಿ ಇಡುವುದಿಲ್ಲ, ಗೆರೆಯ ತುದಿಯಲ್ಲೇ ಹೆಸರು ಬರೆಯುತ್ತೇನೆ. ಕೆಂಪು–ಹಸಿರು ಜೋಡಿ ಬೇಡ, ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಥರ ಕಾಣಬಹುದು. ಬೇಕೇಬೇಕೆಂದರೆ ಗುರುತಿನ ಆಕಾರವೂ ಬೇರೆ ಇರಲಿ. ಎರರ್ ಬಾರ್ (ಅಳತೆಯ ಏರುಪೇರು ತೋರುವ ಚಿಕ್ಕ ಗೆರೆ) ಎಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನೋ (ಅಳತೆಗಳ ಹರಡಿಕೆ), ಸ್ಟ್ಯಾಂಡರ್ಡ್ ಎರರೋ (ಸರಾಸರಿಯ ಅನಿಶ್ಚಿತತೆ), ಮಾದರಿಗಳೆಷ್ಟು ಎಂಬುದನ್ನು ಚಿತ್ರದ ಕೆಳಗೇ ಹೇಳಬೇಕು. ವಿಷಯ ಬಲ್ಲವರು ಮೊದಲು ಕೇಳುವುದೇ ಅದನ್ನು.

ಪೋಸ್ಟರಿನ ಪುಟದ ಅಳತೆಯನ್ನು ಮೊದಲೇ ನಿಗದಿ ಮಾಡಬೇಕು. ಅರ್ಧ ಕೆಲಸವಾದ ಮೇಲೆ ಬದಲಿಸಿದರೆ ಎಲ್ಲವೂ ಎಳೆದಾಡಿದಂತಾಗುತ್ತದೆ. ಎ0 ಎಂದರೆ 841 × 1189 ಮಿ.ಮೀ. ಉದ್ದುದ್ದ ನಿಲ್ಲಿಸುವುದೋ ಅಡ್ಡವೋ ಎಂಬುದನ್ನು ಆಯೋಜಕರ ಸೂಚನೆಯಲ್ಲಿ ನೋಡಿಕೊಳ್ಳಿ. ಒಂದು ಮೀಟರ್ ಅಗಲದ ಬೋರ್ಡಿಗೆ ಅಡ್ಡ ಎ0 ಹಿಡಿಸುವುದಿಲ್ಲ. ಉದ್ದುದ್ದದ ಎ0ಗೆ ಸುತ್ತ 3 ಸೆಂ.ಮೀ. ಅಂಚು, ನಡುವೆ 3 ಸೆಂ.ಮೀ. ಬಿಟ್ಟು ಎರಡು ಅಂಕಣ ಮಾಡಿದರೆ ಪ್ರತಿ ಅಂಕಣ 37.5 ಸೆಂ.ಮೀ. ಬರುತ್ತದೆ. 32 ಪಾಯಿಂಟಿನ ಇಂಗ್ಲಿಷ್ ಬರಹ ಅದರಲ್ಲಿ ಸಾಲಿಗೆ ಸುಮಾರು 65 ಅಕ್ಷರ ಕೂರುತ್ತದೆ, ಕಣ್ಣಿಗೆ ಹಿತ. ಶೀರ್ಷಿಕೆ 90ರ ಆಸುಪಾಸು, ಉಪಶೀರ್ಷಿಕೆ 44. ಒಟ್ಟು ಪದಗಳು 400 ದಾಟದಂತೆ ನೋಡಿಕೊಳ್ಳುತ್ತೇನೆ, ಸಾರಾಂಶವನ್ನು ಮತ್ತೆ ಹಾಕುವುದೇ ಇಲ್ಲ. ಕೆಳಗಿನ 30 ಸೆಂ.ಮೀ. ಭಾಗ ಮುಂದೆ ನಿಂತವರ ಮರೆಗೆ ಹೋಗುವುದರಿಂದ ಅಲ್ಲಿ ಆಕರಗಳು, ಕೃತಜ್ಞತೆ ಮಾತ್ರ. ಕ್ಯೂಆರ್ ಕೋಡ್ ಎದೆಯೆತ್ತರದಲ್ಲಿ ಇರಬೇಕು, ಬದಿ ಕನಿಷ್ಠ 5 ಸೆಂ.ಮೀ., ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಜಾಗ. ಲಿಂಕ್ ಚಿಕ್ಕದಾದಷ್ಟೂ ಚೌಕಗಳು ದೊಡ್ಡದಾಗಿ ಬೇಗ ಸ್ಕ್ಯಾನ್ ಆಗುತ್ತದೆ.

ಮುಗಿದ ಪೋಸ್ಟರನ್ನು ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿ ನೋಡುತ್ತೇನೆ. ಎ0ಯ ಅಗಲದ ಕಾಲು ಭಾಗವೇ ಎ4, ಹಾಗಾಗಿ 32 ಪಾಯಿಂಟ್ ಇಲ್ಲಿ 8 ಆಗುತ್ತದೆ. ಕಣ್ಣಿನಿಂದ 40 ಸೆಂ.ಮೀ. ದೂರ ಹಿಡಿದರೆ ನಿಜವಾದ ಪೋಸ್ಟರನ್ನು 1.6 ಮೀಟರಿನಿಂದ ನೋಡಿದಂತೆಯೇ. ಓದಲು ಕಷ್ಟವಾದ ಬರಹ ಅಲ್ಲಿಯೂ ಕಷ್ಟವೇ.

ಪ್ರಿಂಟಿಗೆ ಕಳಿಸುವ ಪಿಡಿಎಫ್ ಅನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಪ್ರತಿ ಚಿಹ್ನೆಯನ್ನೂ ಬೆರಳಿಟ್ಟು ಪರೀಕ್ಷಿಸುತ್ತೇನೆ. ಇದರಲ್ಲಿ ಅವಸರ ಸಲ್ಲದು. ಗ್ರೀಕ್ ಅಕ್ಷರಗಳನ್ನು ಸಿಂಬಲ್ ಫಾಂಟಿನಲ್ಲಿ ಹಾಕಿದ್ದು, ಆ ಫಾಂಟ್ ಕಡತದೊಳಗೆ ಸೇರದೇ ಹೋದರೆ ‘ಮ್ಯೂ’ ಇದ್ದಲ್ಲಿ ಇಂಗ್ಲಿಷಿನ ‘ಎಂ’ ಬರುತ್ತದೆ. ಮೈಕ್ರೋಗ್ರಾಂ ಮಿಲಿಗ್ರಾಂ ಆಗುತ್ತದೆ, ಒಂದು ಸಾವಿರ ಪಟ್ಟು ತಪ್ಪು! ಯಾವ ಸ್ಪೆಲ್‌ಚೆಕ್ಕೂ ಇದನ್ನು ಹಿಡಿಯುವುದಿಲ್ಲ.

ಟಾಕ್‌ಗೂ ಅದೇ ದೂರದ ಲೆಕ್ಕ. 3 ಮೀಟರ್ ಅಗಲದ ಪರದೆಯನ್ನು 18 ಮೀಟರ್ ಹಿಂದಿನಿಂದ ನೋಡಿದರೆ ದೂರ ಅಗಲದ ಆರು ಪಟ್ಟು. 14 ಇಂಚಿನ ಲ್ಯಾಪ್‌ಟಾಪಿನ ಪರದೆ 31 ಸೆಂ.ಮೀ. ಅಗಲ, ಆದ್ದರಿಂದ ಸ್ಲೈಡ್ ತುಂಬು ಪರದೆಗೆ ಹಾಕಿ ಎರಡು ಮೀಟರ್ ಹಿಂದೆ ಸರಿದು ಓದುತ್ತೇನೆ. ಅಕ್ಷದ ಅಂಕೆಗಳು ಕಾಣದಿದ್ದರೆ ಮತ್ತೆ ಗ್ರಾಫಿನ ಕೋಡಿಗೆ. ಪ್ರೊಜೆಕ್ಟರ್ ಬೆಳಕಿನಲ್ಲಿ ಹಳದಿ ಗೆರೆ, ತಿಳಿ ಬೂದು ಬಣ್ಣ ಮಾಯವಾಗುತ್ತವೆ, ಅವನ್ನು ಬಳಸುವುದೇ ಇಲ್ಲ.

15 ನಿಮಿಷದ ಅವಧಿಯಲ್ಲಿ ಮೂರು ನಿಮಿಷ ಪ್ರಶ್ನೆಗಳಿಗೆ ಹೋದರೆ ಮಾತಿಗೆ ಉಳಿಯುವುದು 12. ನಾನು 11ಕ್ಕೆ ತಯಾರಾಗುತ್ತೇನೆ, ಸ್ಲೈಡುಗಳು ಹತ್ತು. ಪ್ರತಿ ಸ್ಲೈಡಿನ ತಲೆಬರಹ ‘ಫಲಿತಾಂಶಗಳು’ ಎಂದಿರದೆ ಪೂರ್ಣ ವಾಕ್ಯವಾಗಿರುತ್ತದೆ. ಗ್ರಾಫ್ ಬಂದಾಗ ಮೊದಲು ಅಕ್ಷಗಳು ಮಾತ್ರ ಕಾಣುವಂತೆ ಮಾಡಿ, ಅಡ್ಡಕ್ಕೆ ಏನಿದೆ, ಉದ್ದಕ್ಕೆ ಏನಿದೆ, ಏಕಮಾನ ಯಾವುದು ಎಂದು ಹೇಳಿ, ಆಮೇಲೆ ದತ್ತಾಂಶ ತೋರಿಸುತ್ತೇನೆ. ಇದಕ್ಕೆ ಹಿಡಿಯುವುದು 15 ಸೆಕೆಂಡ್. ಅದನ್ನು ಉಳಿಸಲು ಹೋದರೆ ಕೇಳುವವರು ಗ್ರಾಫನ್ನು ತಾವೇ ಬಿಡಿಸಿಕೊಳ್ಳುತ್ತ ನಮ್ಮ ಮಾತನ್ನು ಬಿಟ್ಟುಬಿಡುತ್ತಾರೆ. ಎಲ್‌ಇಡಿ ಪರದೆಯ ಮೇಲೆ ಲೇಸರ್ ಚುಕ್ಕಿ ಸರಿಯಾಗಿ ಕಾಣದು, ಹಾಗಾಗಿ ಬಾಣದ ಗುರುತನ್ನು ಸ್ಲೈಡಿನಲ್ಲೇ ಹಾಕಿರುತ್ತೇನೆ.

ಅಭ್ಯಾಸ ನಿಂತುಕೊಂಡೇ, ಗಟ್ಟಿ ಧ್ವನಿಯಲ್ಲೇ, ಗಡಿಯಾರ ಇಟ್ಟುಕೊಂಡೇ ಆಗಬೇಕು. ಮನಸ್ಸಿನಲ್ಲಿ ಓದಿಕೊಂಡರೆ ಯಾವಾಗಲೂ ಬೇಗ ಮುಗಿದಂತೆ ತೋರುತ್ತದೆ. ಸಮಯ ಮೀರಿದರೆ ಮಾತಿನ ವೇಗ ಹೆಚ್ಚಿಸುವುದಿಲ್ಲ, ಒಂದು ಸ್ಲೈಡ್ ತೆಗೆಯುತ್ತೇನೆ. ಹಾಗೆ ತೆಗೆದದ್ದೆಲ್ಲ ಕೊನೆಯ ಸ್ಲೈಡಿನ ಹಿಂದೆ ಸಾಲಾಗಿ ಸೇರುತ್ತದೆ: ವಿಧಾನದ ವಿವರ, ಕಂಟ್ರೋಲ್ ಪ್ರಯೋಗ (ಹೋಲಿಕೆಗಾಗಿ ಮಾಡಿದ್ದು), ಕಚ್ಚಾ ದತ್ತಾಂಶ. ಎಲ್ಲ ಸ್ಲೈಡಿಗೂ ಮೂಲೆಯಲ್ಲಿ ಸಂಖ್ಯೆ ಇರಲೇಬೇಕು, ‘ಏಳನೆಯ ಸ್ಲೈಡ್ ತೋರಿಸಿ’ ಎಂದು ಯಾರಾದರೂ ಕೇಳಿದಾಗ ಆ ಅಂಕೆ ಒತ್ತಿ ಎಂಟರ್ ಒತ್ತಿದರೆ ಪವರ್‌ಪಾಯಿಂಟ್ ನೇರ ಅಲ್ಲಿಗೇ ಹೋಗುತ್ತದೆ.