ಮೊದಲ ಕಟ್‌ಗೂ ಮುಂಚಿನ ಎರಡು ಗಂಟೆ

ಕಿರುಚಿತ್ರವೊಂದು ಎಡಿಟಿಂಗ್‌ಗೆ ಬಂದರೆ ಮೊದಲ ಕಟ್ ಹಾಕುವ ಮುಂಚೆ ಎರಡು ಗಂಟೆ ಎತ್ತಿಡುತ್ತೇನೆ. ಕಟ್ಟನ್ನು ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ), ಫೈಲ್ ಹೆಸರು, ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಇರುವ ಗಂಟೆ-ನಿಮಿಷ-ಸೆಕೆಂಡ್-ಫ್ರೇಮ್ ವಿಳಾಸ) ಹಾಗಲ್ಲ. ಬಣ್ಣ ತಿದ್ದಿ ಅಂತಿಮ ಚಿತ್ರ ಸಿದ್ಧಪಡಿಸುವ ಡಿಐನವರೂ ಸೌಂಡ್‌ನವರೂ ನಮ್ಮ ಶಾಟ್‌ಗಳನ್ನು ಹುಡುಕಿಕೊಳ್ಳುವುದು ಈ ಮೂರನ್ನು ಹಿಡಿದೇ. ಪಿಕ್ಚರ್ ಲಾಕ್ ಆದ, ಅಂದರೆ ಇನ್ನು ಕಟ್ ಬದಲಿಸುವುದಿಲ್ಲ ಎಂದು ತೀರ್ಮಾನವಾದ ವಾರ ತಲೆನೋವು ಕೊಡುವ ತೊಂದರೆಗಳಲ್ಲಿ ಹೆಚ್ಚಿನವು ಮೊದಲ ದಿನವೇ ಒಳಗೆ ಸೇರಿಕೊಂಡಿರುತ್ತವೆ.

ಕಾರ್ಡ್ ಕೈಗೆ ಬಂದಾಗ ಬರೀ ವಿಡಿಯೊ ಫೈಲ್‌ಗಳನ್ನು ಎಳೆದುಕೊಳ್ಳುವುದಿಲ್ಲ. ಒಳಗಿನ ಫೋಲ್ಡರ್‌ಗಳು ಹೇಗಿವೆಯೋ ಹಾಗೇ ಪೂರ್ತಿ ಕಾಪಿ ಮಾಡುತ್ತೇನೆ. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಮೀಡಿಯಾ ಪೇಜ್‌ನಲ್ಲಿ ಕ್ಲೋನ್ ಟೂಲ್ ಇದೆ, ಉಚಿತ ಆವೃತ್ತಿಯಲ್ಲೂ ಸಿಗುತ್ತದೆ. ಅದು ಕಾಪಿ ಮಾಡಿದ ಮೇಲೆ ಚೆಕ್‌ಸಮ್ (ಫೈಲ್‌ನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾಳೆ ನೋಡುತ್ತದೆ. ಏಕಕಾಲಕ್ಕೆ ಎರಡು ಡಿಸ್ಕ್‌ಗೆ ಹಾಕಿ, ಎರಡನೆಯದನ್ನು ನಿರ್ಮಾಪಕರ ಮನೆಗೆ ಕಳಿಸಿಬಿಡುತ್ತೇನೆ. ಎರಡೂ ಒಂದೇ ಕೋಣೆಯಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಡಿಸ್ಕ್ ಕೊಳ್ಳುವಾಗ ಎರಡನ್ನೂ ಬೇರೆ ಬೇರೆ ಕಂಪನಿಯದು ತೆಗೆದುಕೊಳ್ಳುವುದು ಒಳ್ಳೆಯದು. ಒಂದೇ ಬ್ಯಾಚಿನ ಜೋಡಿ ಒಟ್ಟಿಗೇ ಕೈಕೊಡಬಹುದು. ಮ್ಯಾಕ್‌ಗೂ ವಿಂಡೋಸ್‌ಗೂ ಓಡಾಡುವ ಡಿಸ್ಕ್ ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಬೇಕು. ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲಿಂಗ್ (ಬದಲಾವಣೆಯನ್ನು ಮೊದಲೇ ದಾಖಲಿಸಿಡುವ ರಕ್ಷಣೆ) ಇಲ್ಲ, ಕಾಪಿ ನಡುವೆ ಕರೆಂಟ್ ಹೋದರೆ ಫೋಲ್ಡರ್ ಪಟ್ಟಿಯೇ ಕೆಡಬಹುದು. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಯುಪಿಎಸ್ ಇಲ್ಲದೆ ನಾನು ಕಾಪಿ ಶುರು ಮಾಡುವುದೇ ಇಲ್ಲ.

ಮುಂದಿನದು ಹೆಸರು. ಸೋನಿ ಆಲ್ಫಾ ಕ್ಯಾಮೆರಾಗಳು ಸಿ0001, ಸಿ0002 ಎಂದು ಎಣಿಸುತ್ತಾ ಹೋಗುತ್ತವೆ. ಫೈಲ್ ಸೆಟ್ಟಿಂಗ್ ರೀಸೆಟ್‌ನಲ್ಲಿದ್ದರೆ ಪ್ರತಿ ಕಾರ್ಡ್‌ನಲ್ಲೂ ಮತ್ತೆ ಸಿ0001. ದಿನಕ್ಕೆ ಎರಡು ಕಾರ್ಡ್ ಆದರೆ ನಾಲ್ಕು ದಿನದ ಶೂಟಿಂಗ್‌ಗೆ ಎಂಟು ಸಿ0001 ಬರುತ್ತವೆ. ಡಿಐನಲ್ಲಿ ರೀಲಿಂಕ್ ಮಾಡಿದಾಗ, ಅಂದರೆ ಎಡಿಟ್‌ಗೆ ಮೂಲ ಫೈಲ್‌ಗಳನ್ನು ಮತ್ತೆ ಜೋಡಿಸಿದಾಗ, ಅಡುಗೆಮನೆ ದೃಶ್ಯದ ಜಾಗದಲ್ಲಿ ಬಸ್‌ಸ್ಟ್ಯಾಂಡ್ ಕೂರುವುದು ಇದರಿಂದಲೇ. ಹಾಗಾಗಿ ಪ್ರಾಜೆಕ್ಟ್‌ಗೆ ತರುವ ಮುಂಚೆಯೇ ಎಲ್ಲ ಫೈಲ್‌ಗೂ ದಿನ, ಕ್ಯಾಮೆರಾ, ಕಾರ್ಡ್ ಸಂಖ್ಯೆಯನ್ನು ಮುಂದೆ ಸೇರಿಸುತ್ತೇನೆ: ಡಿ2_ಎ_03_ಸಿ0001 ಎಂಬ ಹಾಗೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ. ಎರಡು ಡಿಸ್ಕ್‌ನಲ್ಲೂ ಅದೇ ಹೆಸರಿರಬೇಕು. ಎಡಿಟ್ ಶುರುವಾದ ಮೇಲೆ ಹೆಸರು ಮುಟ್ಟಬಾರದು.

ಫ್ರೇಮ್ ರೇಟ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಸೆಟ್‌ನಲ್ಲಿ ಎಲ್ಲರೂ '24' ಎನ್ನುತ್ತಾರೆ, ಕ್ಯಾಮೆರಾ ಒಳಗೆ ಇರುವುದು 23.976. ಸಣ್ಣ ಕ್ಯಾಮೆರಾಗಳಲ್ಲಿ ಹಳೆಯ ಟಿವಿ ಮಾನದಂಡಗಳ ಹೆಸರಿನ ಎರಡು ಮೋಡ್ ಇರುತ್ತವೆ. ಎನ್‌ಟಿಎಸ್‌ಸಿ ಮೋಡ್‌ನ 24 ಅಂದರೆ ಸಾಮಾನ್ಯವಾಗಿ 23.976 ಎಂದೇ ಅರ್ಥ. ಪಾಲ್ ಮೋಡ್‌ನಲ್ಲಿ 25. ಚಿತ್ರಮಂದಿರದಲ್ಲಿ ಓಡಿಸುವ ಡಿಜಿಟಲ್ ಪ್ರತಿಯಾದ ಡಿಸಿಪಿಗೆ ಸಾಮಾನ್ಯವಾಗಿ ಬೇಕಾದದ್ದು ಮಾತ್ರ ಸರಿಯಾಗಿ 24. 23.976ರ ಚಿತ್ರವನ್ನು 24ಕ್ಕೆ ಓಡಿಸಿ, ಸೌಂಡ್ ಅನ್ನು ಹಾಗೇ ಬಿಟ್ಟರೆ ವ್ಯತ್ಯಾಸ ಸಾವಿರಕ್ಕೆ ಒಂದು. ಕೇಳಲು ಏನೂ ಅಲ್ಲ. ಹತ್ತು ನಿಮಿಷಕ್ಕೆ ಅದು 0.6 ಸೆಕೆಂಡ್, ಅಂದರೆ ಸುಮಾರು 14 ಫ್ರೇಮ್. ತುಟಿ ಮುಚ್ಚಿದ ಮೇಲೂ ಮಾತು ಕೇಳುತ್ತದೆ. 25ರಲ್ಲಿ ಶೂಟ್ ಮಾಡಿದ್ದನ್ನು 24ಕ್ಕೆ ಇಳಿಸಿದರೆ ಹತ್ತು ನಿಮಿಷದ ಚಿತ್ರ ಹತ್ತು ನಿಮಿಷ 25 ಸೆಕೆಂಡ್ ಆಗುತ್ತದೆ, ಸೌಂಡ್‌ನ ಪಿಚ್ ಕೂಡ ಸರಿಪಡಿಸಬೇಕಾಗುತ್ತದೆ. ಅದಕ್ಕೇ ಶೂಟಿಂಗ್‌ಗೆ ಮುಂಚೆಯೇ ಛಾಯಾಗ್ರಾಹಕರಿಗೆ ಫೋನ್ ಮಾಡಿ ಒಂದೇ ಸಂಖ್ಯೆಗೆ ಒಪ್ಪಿಸುತ್ತೇನೆ. ಹಾಗೇ ಶಟರ್ 1/50 ಇಡಿ ಎಂದೂ ಹೇಳುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ 1/60ರಲ್ಲಿ ತೆಗೆದ ಶಾಟ್‌ನಲ್ಲಿ ಕಪ್ಪು ಪಟ್ಟಿಗಳು ಸರಿದಾಡುತ್ತವೆ, ಎಡಿಟ್‌ನಲ್ಲಿ ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ರಿಸಾಲ್ವ್‌ನಲ್ಲಿ ಶಾಟ್ ಹಾಕುವ ಮುಂಚೆಯೇ ಟೈಮ್‌ಲೈನ್‌ನ ಫ್ರೇಮ್ ರೇಟ್ ಸರಿ ಇದೆಯೇ ನೋಡಿಕೊಳ್ಳಬೇಕು ಎಂಬುದೂ ನೆನಪಿರಲಿ.

ಮೊಬೈಲ್‌ನಲ್ಲಿ ತೆಗೆದ ಶಾಟ್‌ಗಳ ಕಥೆ ಬೇರೆ. ಬೆಳಕು ಕಡಿಮೆಯಾದಾಗ ಫೋನ್ ತಾನೇ ಫ್ರೇಮ್ ರೇಟ್ ಏರಿಳಿಸುತ್ತದೆ. ಶುರುವಿನಲ್ಲಿ ಚಿತ್ರಕ್ಕೂ ಶಬ್ದಕ್ಕೂ ಸಿಂಕ್ (ಹೊಂದಿಕೆ) ಇರುತ್ತದೆ, ಹೋಗ್ತಾ ಹೋಗ್ತಾ ಜಾರುತ್ತದೆ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಅಂತಿದೆಯೇ ನೋಡಿ. ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಕಾನ್ಸ್ಟಂಟ್ ಫ್ರೇಮ್ ರೇಟ್ ಆರಿಸಿ ಹೊಸ ಫೈಲ್ ಮಾಡಿಕೊಂಡೇ ಒಳಗೆ ತನ್ನಿ. ಎಡಿಟರ್‌ಗಳ ಗುಂಪಿನಲ್ಲಿ 'ಸಿಂಕ್ ಹೋಗ್ತಿದೆ, ಏನ್ ಮಾಡ್ಲಿ' ಎಂದು ಕೇಳುವವರಿಗೂ ನನ್ನ ಮಾತು ಇದೇ: ಸ್ಕ್ರೀನಿನ ಫೋಟೊ ಹಾಕಬೇಡಿ. ಮೀಡಿಯಾಇನ್ಫೋ ಕೊಡುವ ಪಠ್ಯ, ತಂತ್ರಾಂಶದ ಆವೃತ್ತಿ, ಟೈಮ್‌ಲೈನ್ ಸೆಟ್ಟಿಂಗ್, ಈ ಮೂರನ್ನು ಹಾಕಿ. ಇವಿಲ್ಲದೆ ಎಷ್ಟು ಅನುಭವಿಗಳಿದ್ದರೂ ಊಹೆಯಷ್ಟೇ ಸಿಗುತ್ತದೆ.

ಸಿಂಕ್‌ಗೆ ಕ್ಯಾಮೆರಾದ ಶಬ್ದಕ್ಕೂ ರೆಕಾರ್ಡರ್‌ನ ಶಬ್ದಕ್ಕೂ ವೇವ್‌ಫಾರ್ಮ್ (ಶಬ್ದದ ಅಲೆಯ ಚಿತ್ರ) ಹೊಂದಿಸುವ ಸೌಲಭ್ಯ ಎಲ್ಲ ಕಡೆ ಇದೆ. ಆದರೆ ರಸ್ತೆಯ ಶಾಟ್‌ನಲ್ಲಿ ಆಟೊ ಹಾರ್ನ್‌ಗಳ ಮಧ್ಯೆ ಅದು ತಪ್ಪುತ್ತದೆ, ಕ್ಲಾಪ್ ನೋಡಿ ಕೈಯಿಂದಲೇ ಕೂರಿಸಬೇಕು. ಹಲಗೆ ಪೂರ್ತಿ ಮುಚ್ಚಿದ ಮೊದಲ ಫ್ರೇಮ್‌ಗೆ ಶಬ್ದದ ಮೊದಲ ಏರು ಸೇರಬೇಕು. 24ರಲ್ಲಿ ಒಂದು ಫ್ರೇಮ್ ಅಂದರೆ 48 ಕಿಲೋಹರ್ಟ್ಸ್ ಆಡಿಯೊದ 2000 ಸ್ಯಾಂಪಲ್.

ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಬಳಸುವ ಹಗುರವಾದ ನಕಲು ಫೈಲ್, ಅದರ ಬಗ್ಗೆ ಎರಡೇ ಮಾತು. 1080ಪಿ ಪ್ರೋರೆಸ್ ಪ್ರಾಕ್ಸಿ ಗಂಟೆಗೆ ಸುಮಾರು 16 ಜಿಬಿ ಹಿಡಿಯುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ. ಮೂಲ ಫೈಲ್‌ನಲ್ಲಿ ಎಷ್ಟು ಆಡಿಯೊ ಚಾನೆಲ್ ಇವೆಯೋ ಪ್ರಾಕ್ಸಿಯಲ್ಲೂ ಅಷ್ಟೇ ಇರಬೇಕು, ಇಲ್ಲವಾದರೆ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಅದನ್ನು ಜೋಡಿಸಿಕೊಳ್ಳುವುದಿಲ್ಲ.

ಕನ್ನಡ ಟೈಟಲ್ ಕಾರ್ಡ್‌ಗಳನ್ನು ಕೊನೆಗೆ ಬಿಡುವವರೇ ಹೆಚ್ಚು. ನಾನು ಮೊದಲ ದಿನವೇ ಒಂದು ಕಾರ್ಡ್ ಮಾಡಿ ನೋಡುತ್ತೇನೆ. 'ಛಾಯಾಗ್ರಹಣ' ಎಂದು ಟೈಪ್ ಮಾಡಿದರೆ 'ಛಾಯಾಗ್‌ರಹಣ' ಎಂದು ಬಂತೋ, ಒತ್ತಕ್ಷರ ಕೂಡಿಸುವ ಎಂಜಿನ್ ಆನ್ ಆಗಿಲ್ಲ ಎಂದರ್ಥ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ವಿಭಾಗದ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾ ಭಾಷೆಗಳದ್ದಕ್ಕೆ ಬದಲಿಸಿ, ಹೊಸದಾಗಿ ಟೈಪ್ ಮಾಡಿ. ಇನ್ನೊಂದು ಕಡೆಯಿಂದಲೂ ತೊಂದರೆ ಬರುತ್ತದೆ: ತಂಡದವರ ಹೆಸರುಗಳ ಪಟ್ಟಿ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಇರುತ್ತದೆ. ಅದನ್ನು ಯುನಿಕೋಡ್ ಫಾಂಟ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿಕೊಂಡು, ಪ್ರತಿ ಹೆಸರಿನ ಅರ್ಕಾವತ್ತು, ಒತ್ತಕ್ಷರವನ್ನು ಕಣ್ಣಿಟ್ಟು ಓದಬೇಕು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಉಚಿತ ಯುನಿಕೋಡ್ ಫಾಂಟ್‌ಗಳು. ಫಾಂಟ್ ಇಲ್ಲದ ಡಿಐ ಯಂತ್ರದಲ್ಲಿ ಅಕ್ಷರ ಮತ್ತೆ ಒಡೆಯಬಾರದೆಂದರೆ ಅಂತಿಮ ಕಾರ್ಡ್‌ಗಳನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರಗಳಾಗಿಯೇ ಕೊಡಿ. ಒಬ್ಬ ಲೈಟ್‌ಮನ್‌ನ ಹೆಸರು ಪರದೆಯ ಮೇಲೆ ತಪ್ಪಾಗಿ ಹೋದರೆ ಅದು ಚಿತ್ರ ಇರುವಷ್ಟು ಕಾಲ ಹಾಗೇ ಇರುತ್ತದೆ.

ಲಾಕ್ ಆದ ಮೇಲೆ ಟೈಮ್‌ಲೈನ್‌ನ ಒಂದು ನಕಲು ಮಾಡಿ, ಡಿಐಗಾಗಿ ಎಲ್ಲ ಶಾಟ್‌ಗಳನ್ನು ಸಾಧ್ಯವಾದಷ್ಟು ವಿ1ಕ್ಕೆ, ಅಂದರೆ ಮೊದಲ ವಿಡಿಯೊ ಟ್ರ್ಯಾಕ್‌ಗೆ, ಇಳಿಸುತ್ತೇನೆ. ಆಫ್ ಮಾಡಿಟ್ಟ ಕ್ಲಿಪ್‌ಗಳನ್ನು ಅಳಿಸಿ, ನೆಸ್ಟ್‌ಗಳನ್ನು (ಒಂದೇ ಕ್ಲಿಪ್‌ನಂತೆ ಕಟ್ಟಿಟ್ಟ ಹಲವು ಕ್ಲಿಪ್‌ಗಳು) ಬಿಚ್ಚುತ್ತೇನೆ. ಸ್ಪೀಡ್ ಬದಲಿಸಿದ ಶಾಟ್‌ಗಳನ್ನು ಮಾತ್ರ ಕೈಯಲ್ಲಿ ಬರೆದು ಕೊಡುತ್ತೇನೆ, ಎಡಿಟ್‌ನ ವಿವರ ಹೊತ್ತೊಯ್ಯುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಸ್ಪೀಡ್ ರ‍್ಯಾಂಪ್ ಸರಿಯಾಗಿ ದಾಟುವ ಭರವಸೆ ಇಲ್ಲ. ಇಡಿಎಲ್ (ಕಟ್‌ಗಳ ಪಠ್ಯ ಪಟ್ಟಿ) ಕೇಳಿದರೆ ಹುಷಾರು: ಸಿಎಂಎಕ್ಸ್ 3600 ಮಾದರಿಯಲ್ಲಿ ರೀಲ್ ಹೆಸರಿಗೆ (ಶಾಟ್ ಯಾವ ಮೂಲದಿಂದ ಬಂತೆಂಬ ಗುರುತು) ಎಂಟೇ ಅಕ್ಷರ, ಉದ್ದ ಹೆಸರು ಕತ್ತರಿಸಿಹೋಗಿ ಎರಡು ಶಾಟ್ ಒಂದೇ ಆಗಿ ಕಾಣಬಹುದು. ಜೊತೆಗೆ ಟೈಮ್‌ಕೋಡ್, ಕ್ಲಿಪ್ ಹೆಸರು ಎರಡೂ ಪರದೆಯ ಮೇಲೆ ಅಚ್ಚಾದ ರೆಫರೆನ್ಸ್ ವಿಡಿಯೊ.

ಸೌಂಡ್‌ಗೆ ಎಎಎಫ್, ಅಂದರೆ ಆಡಿಯೊ ಟ್ರ್ಯಾಕ್‌ಗಳನ್ನೂ ಅವುಗಳ ಕಟ್‌ಗಳನ್ನೂ ಸಾಗಿಸುವ ಫೈಲ್. ಆಡಿಯೊ ಒಳಗೇ ಸೇರಿರಬೇಕು, ಪ್ರತಿ ತುಣುಕಿನ ಎರಡೂ ಬದಿಗೆ ಕನಿಷ್ಠ 5 ಸೆಕೆಂಡ್ ಹ್ಯಾಂಡಲ್ (ಕಟ್‌ನಾಚೆಯ ಹೆಚ್ಚುವರಿ ಆಡಿಯೊ) ಇರಬೇಕು. ಬರೀ ಮಿಕ್ಸ್ ಟ್ರ್ಯಾಕ್ ಕೊಟ್ಟರೆ ಸೌಂಡ್‌ನವರ ಕೈ ಕಟ್ಟಿದ ಹಾಗೆ. ಬೂಮ್, ಲೇಪಲ್ ಮೈಕ್‌ಗಳ ಟ್ರ್ಯಾಕ್ ಎಲ್ಲವೂ ಬೇರೆ ಬೇರೆಯಾಗಿ ಹೋಗಲಿ. ಚಿತ್ರದ ಮೊದಲ ಫ್ರೇಮ್ ಅನ್ನು 01:00:00:00ಕ್ಕೆ ಇಟ್ಟು, 00:59:58:00ಕ್ಕೆ ಟೂ-ಪಾಪ್: ಒಂದೇ ಫ್ರೇಮ್‌ನಷ್ಟು 1 ಕಿಲೋಹರ್ಟ್ಸ್ ಬೀಪ್, ಅದೇ ಫ್ರೇಮ್‌ನಲ್ಲಿ ಬಿಳಿ ಪರದೆ. ಕೊನೆಯ ಫ್ರೇಮ್ ಆದ ಎರಡು ಸೆಕೆಂಡ್‌ಗೆ ಇನ್ನೊಂದು. ಮೊದಲನೆಯದು ಕೂತು ಎರಡನೆಯದು ತಪ್ಪಿದರೆ ಎಲ್ಲೋ ಫ್ರೇಮ್ ರೇಟ್ ಬದಲಾಗಿದೆ ಎಂದೇ ತಿಳಿಯಬೇಕು. ಡಿಸ್ಕ್ ಕಳಿಸುವ ಮುಂಚೆ ಎಎಎಫ್ ಅನ್ನೂ ರೆಫರೆನ್ಸ್ ವಿಡಿಯೊವನ್ನೂ ಖಾಲಿ ಪ್ರಾಜೆಕ್ಟ್‌ನಲ್ಲಿ ತೆರೆದು, ಈ ಎರಡು ಬೀಪ್‌ಗಳನ್ನು ಫ್ರೇಮ್ ಫ್ರೇಮ್ ಸರಿಸಿ ನೋಡುತ್ತೇನೆ. ಒಂದು ಫ್ರೇಮ್ ಆಚೀಚೆ ಇದ್ದರೂ ಡಿಸ್ಕ್ ಆವತ್ತು ಹೊರಡುವುದಿಲ್ಲ.