40 ಚಿತ್ರದಿಂದ 12ಕ್ಕೆ: ನನ್ನ ಪೋರ್ಟ್‌ಫೋಲಿಯೋ ಕಟ್ಟಿದ ಅನುಭವ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಕೇಳಿ ಮೊದಲ ಸಲ ಕಳಿಸಿದಾಗ ನನ್ನ ಪೋರ್ಟ್‌ಫೋಲಿಯೋದಲ್ಲಿ, ಅಂದರೆ ಕೆಲಸದ ಮಾದರಿ ತೋರಿಸುವ ಸಂಗ್ರಹದಲ್ಲಿ, 40 ಚಿತ್ರಗಳಿದ್ದವು. ಹೂವು, ನಟರ ಮುಖ, ಒಂದೆರಡು ಲೋಗೋ, ಮುದ್ದಾದ ಮಕ್ಕಳು, ಎಲ್ಲವೂ. ಒಬ್ಬ ಸಂಪಾದಕರು ನೋಡಿ, ಚಿತ್ರದಲ್ಲಿದ್ದ ಒಬ್ಬ ಹುಡುಗಿಯನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿದರು: "ಈ ಹುಡುಗಿ ಮುಂದೆ ಏನು ಮಾಡ್ತಾಳೆ?" ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಬರೆದ ಮಕ್ಕಳೆಲ್ಲ ಫೋಟೋಗೆ ನಿಂತ ಹಾಗೆ ಸುಮ್ನೆ ನಗುತ್ತಿದ್ದರು.

ಆಮೇಲೆ ಒಂದು ಪುಟ್ಟ ಕಥೆ ನಾನೇ ಬರೆದುಕೊಂಡೆ: ಕತ್ತಲಿಗೆ ಹೆದರುವ ಹುಡುಗಿ, ಅವಳ ಹಿಂದೆಯೇ ಸುತ್ತುವ ನಾಯಿ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಅಲ್ವಾ, ಹಾಗಾಗಿ ಒಂದೇ ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕಗಳನ್ನು ಹಾಕಿ ಅಷ್ಟೂ ಪುಟ ಪೆನ್ಸಿಲ್‌ನಲ್ಲಿ ಗೀಚಿ, ಆಮೇಲೆ ಬೇರೆ ಕಾಗದ ಮಡಚಿ, ಪಿನ್ ಹೊಡೆದು ಡಮ್ಮಿ, ಅಂದರೆ ಮಾದರಿ ಪುಸ್ತಕ ಮಾಡಿದೆ. ಕೈಯಲ್ಲಿ ಹಿಡಿದು ಪುಟ ತಿರುವಿದಾಗಲೇ ತಪ್ಪುಗಳು ಕಂಡವು. ಗುಟ್ಟನ್ನು ಬಲಪುಟದಲ್ಲೇ ಬಿಟ್ಟುಕೊಟ್ಟಿದ್ದೆ, ತಿರುವಿದ ಮೇಲೆ ನೋಡಲು ಏನೂ ಉಳಿದಿರಲಿಲ್ಲ. ನಾಯಿಯ ಮುಖ ನಡುವಿನ ಮಡಿಕೆಯಲ್ಲಿ ಮುಳುಗಿಹೋಗಿತ್ತು.

ಎಲ್ಲಕ್ಕಿಂತ ಕಷ್ಟವಾಗಿದ್ದು ಆ ಹುಡುಗಿಯನ್ನು ಅದೇ ಹುಡುಗಿಯಾಗಿ ಉಳಿಸಿಕೊಳ್ಳುವುದು. ಎದುರಿನಿಂದ ಬರೆದರೆ ಆರು ವರ್ಷ, ಪಕ್ಕದಿಂದ ಬರೆದರೆ ಹನ್ನೆರಡು! ಕೊನೆಗೆ ಅಳತೆ ಹಿಡಿದೆ: ತಲೆ ಸೇರಿ ಇಡೀ ಮೈ ನಾಲ್ಕು ತಲೆಯಷ್ಟು ಎತ್ತರ. ಸಿಟ್ಟಲ್ಲಿ, ಓಟದಲ್ಲಿ, ನಿದ್ದೆಗಣ್ಣಲ್ಲಿ ಅವಳು ಹೇಗಿರುತ್ತಾಳೆ ಅಂತ ಹಾಳೆ ಹಾಳೆ ತುಂಬಿಸಿದೆ. ಬೆನ್ನು ಮಾತ್ರ ಕಂಡರೂ ಹೆದರಿದ್ದಾಳೆ ಅಂತ ತಿಳಿಯಬೇಕು. ಅದು ಕೈಗೆ ಬಂದ ದಿನ ತುಂಬಾ ಖುಷಿಪಟ್ಟೆ.

ಕಥೆಯಿಂದ ಮೂರು ಜೋಡಿಪುಟಗಳಿಗೆ ಮಾತ್ರ ಪೂರ್ತಿ ಬಣ್ಣ ಹಾಕಿದೆ, ಅಕ್ಷರಕ್ಕೆ ಜಾಗ ಬಿಟ್ಟು, ಕತ್ತರಿಸುವ ಅಂಚಿನಾಚೆ 3 ಮಿ.ಮೀ. ಬಣ್ಣ ಜಾಸ್ತಿ ಹರಿಸಿ, 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ). ಸ್ಕ್ರೀನ್ ಮೇಲೆ ಹೊಳೆಯುತ್ತಿದ್ದ ನೀಲಿ, ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿಯಾದ ಸಿಎಂವೈಕೆಗೆ ಬದಲಿಸಿದಾಗ ಮಂಕಾಯಿತು. ರಾತ್ರಿಯ ಆಕಾಶವನ್ನೆಲ್ಲ ಮತ್ತೆ ಮಾಡಿದೆ.

ಹಳೆಯ ಚಿತ್ರಗಳನ್ನು ತೆಗೆಯುವಾಗ ಹೊಟ್ಟೆ ಉರಿಯಿತು, ನಿಜ. ಆದರೆ ನಾವು ಏನು ತೋರಿಸುತ್ತೇವೋ ಅಂಥದ್ದೇ ಕೆಲಸ ಕೇಳುತ್ತಾರೆ. ಲೋಗೋ ಮಾಡುವ ಆಸೆ ನನಗಿಲ್ಲ, ಹಾಗಾಗಿ ಅವು ಹೋದವು. ದೊಡ್ಡ ಮಕ್ಕಳ ಕಾದಂಬರಿಗಳಲ್ಲಿ ಕಪ್ಪುಬಿಳುಪು ಚಿತ್ರಗಳೇ ಹೆಚ್ಚು ಅಂತ ಎರಡು ಹೊಸದಾಗಿ ಬರೆದೆ. ಈಗಿರುವುದು 12.

ಇನ್ನೂ ಬಾರದೇ ಇರುವುದು ಗುಂಪಿನ ದೃಶ್ಯ. ಐದಾರು ಮಕ್ಕಳು ಒಬ್ಬರನ್ನೊಬ್ಬರು ಎಳೆದಾಡುತ್ತಾ, ಜಗಳವಾಡುತ್ತಾ ಇರುವಂಥದ್ದು. ಅದೊಂದು ಸರಿಯಾಗಿ ಮುಗಿದರೆ, ನರಿ ಒಂಟಿಯಾಗಿ ಕೂತಿರುವ ಆರನೇ ಚಿತ್ರವನ್ನು ತೆಗೆದು ಅಲ್ಲಿ ಇದನ್ನು ಹಾಕಬೇಕು ಅಂತಿದ್ದೇನೆ.